ಇಂಪ್ಲಾಂಟ್ ಆಪರೇಷನ್‌ಗೆ ದೂರದ ಊರಿಗೆ ಹೋಗುವವರೇ, ಮೊದಲು ಇದನ್ನು ಕೇಳಿ

ಒಳಗೆ ಇಂಪ್ಲಾಂಟ್ (ಸಿಲಿಕೋನ್ ಚೀಲ) ಇಟ್ಟು ಸ್ತನದ ಗಾತ್ರ ಹೆಚ್ಚಿಸುವ ಆಪರೇಷನ್‌ಗೆ ನಮ್ಮ ಬಳ್ಳಾರಿ ಕಡೆಯಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವ ಯೋಚನೆ ಇದೆಯಾ? ಹಾಗಾದರೆ ಅಡ್ವಾನ್ಸ್ ಕಟ್ಟುವ ಮೊದಲು ಕ್ಲಿನಿಕ್‌ನವರನ್ನು ಕೇಳಿ: ಊರಿಗೆ ವಾಪಸ್ ಹೋದ ಮೇಲೆ ನನ್ನ ಗಾಯ ನೋಡುವವರು ಯಾರು? ಫೋನ್ ಎತ್ತುವವರು ಡಾಕ್ಟರಾ, ಕೌಂಟರ್‌ನವರಾ?

ನಾನು ಮಾಡಿಸಿಕೊಂಡಿದ್ದು ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ. ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ. ಆಮೇಲೆ ಅವರು ನೋಡಿಕೊಂಡ ರೀತಿಯ ಬಗ್ಗೆ ಇದೆ.

ಎದೆ ಬಿಗಿ, ಕೈ ಮೇಲೆತ್ತಿದರೆ ಎಳೆತ, ಹೊಲಿಗೆಯ ಸುತ್ತ ಜೋಮು, ಮಧ್ಯೆ ಮಧ್ಯೆ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುವುದು, ವಿಪರೀತ ತುರಿಕೆ. ಇವೆಲ್ಲ ಇರುತ್ತವೆ, ಹೆದರಬೇಡಿ. ಜೋಮು, ಚುಳ್ ಅನ್ನುವುದು, ತುರಿಕೆ ನರಗಳು ಸುಧಾರಿಸಿಕೊಳ್ಳುವಾಗ ಆಗುತ್ತವೆ. ಆದರೆ ಮೇಲಿನ ಚರ್ಮ ಕೂಡಿಕೊಂಡಿತು ಅಂತ ಕೊಡ ಎತ್ತಬೇಡಿ, ಮಗುವನ್ನೂ ಎತ್ತಿಕೊಳ್ಳಬೇಡಿ. 6 ವಾರ ಕಳೆದರೂ ಗಾಯಕ್ಕೆ ಮೊದಲಿನಷ್ಟು ಗಟ್ಟಿತನ ಬಂದಿರುವುದಿಲ್ಲ. ಕಲೆ ತಿಳಿಯಾಗೋಕೆ ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಹಿಡಿಯುತ್ತದೆ.

ನನಗೆ ಕೊಯ್ದಿದ್ದು ಸ್ತನದ ಕೆಳಗಿನ ಮಡಿಕೆಯಲ್ಲಿ. ಕಲೆ ಕಾಣಲ್ಲ ಅಂತ ಬಹಳ ಜನರಿಗೆ ಅಲ್ಲೇ ಕೊಯ್ಯುತ್ತಾರೆ. ಬಳ್ಳಾರಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ? 40 ಡಿಗ್ರಿ, ಮೇಲೆ ಕರೆಂಟ್ ಬೇರೆ ಹೋಗುತ್ತೆ. ಬೆವರೆಲ್ಲ ಇಳಿದು ನಿಲ್ಲೋದು ಅದೇ ಮಡಿಕೆಯಲ್ಲಿ, ಬ್ರಾ ಪಟ್ಟಿ ಉಜ್ಜೋದೂ ಅಲ್ಲೇ. ಇದನ್ನು ಕ್ಲಿನಿಕ್‌ನಲ್ಲಿ ಒಬ್ಬರೂ ಹೇಳಲಿಲ್ಲ. ಆಪರೇಷನ್ ತಿಂಗಳು ನಿಮ್ಮ ಕೈಯಲ್ಲೇ ಇದ್ದರೆ ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಕೆಲವು ವಾರಗಳ ಮೇಲೆ ಎಡಗಡೆ ಹೊಲಿಗೆಯ ತುದಿಯಲ್ಲಿ ಸಣ್ಣ ಗುಳ್ಳೆ ಎದ್ದಿತು. ಅದು ಒಡೆದಾಗ ಒಳಗಿಂದ ಗಟ್ಟಿ ದಾರದ ತುದಿ ಇಣುಕುತ್ತಿತ್ತು. ಬಟ್ಟೆ ತಾಗಿದರೂ ಚುಚ್ಚೋದು. ತೆಳ್ಳಗೆ ನೀರು ಸೋರಿ ಬ್ಲೌಸ್ ಮೇಲೆ ಹಳದಿ ಕಲೆ. ಕ್ಲಿನಿಕ್‌ಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. "ನಾರ್ಮಲ್ ಮೇಡಂ, ಆಯಿಂಟ್‌ಮೆಂಟ್ ಹಚ್ಚಿ" ಅಂತ ಉತ್ತರ ಬಂತು. ಆ ಜಾಗ ಕೆಂಪಗಾಗಿ ಬಿಸಿಯಾಯಿತು, ಮತ್ತೆ ಕಳಿಸಿದೆ. ಅದೇ ಉತ್ತರ. ಡಾಕ್ಟರ್ ಜೊತೆ ಮಾತಾಡಬೇಕು ಅಂದರೆ "ಓಟಿಯಲ್ಲಿ (ಆಪರೇಷನ್ ಥಿಯೇಟರ್) ಇದ್ದಾರೆ". ಒಂದು ಸಲವೂ ವಾಪಸ್ ಫೋನ್ ಬರಲಿಲ್ಲ. ಆ ಫೋಟೋಗಳನ್ನು ಡಾಕ್ಟರಿಗೆ ತೋರಿಸಿಯೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ವಿಷಯಕ್ಕೇ.

ಕೊನೆಗೆ ಬಳ್ಳಾರಿಯಲ್ಲೇ ಒಬ್ಬ ಸರ್ಜನ್ ನೋಡಿದರು. ಕರಗಬೇಕಿದ್ದ ಹೊಲಿಗೆಯ ಗಂಟು ಹಾಗೇ ಉಳಿದು ಮೇಲೆ ಬಂದಿತ್ತು. ಇದು ಅಪರೂಪವೇನಲ್ಲವಂತೆ. ಗಂಟು ತೆಗೆದು, ಕ್ಲೀನ್ ಮಾಡಿ ಆಂಟಿಬಯಾಟಿಕ್ ಕೊಟ್ಟರು. ಅವರು ಹೇಳಿದ ಇನ್ನೊಂದು ಮಾತು ಕೇಳಿ ಕೈಕಾಲು ತಣ್ಣಗಾಯಿತು: ಸೋಂಕು ಇಂಪ್ಲಾಂಟ್ ತನಕ ಇಳಿದರೆ ಬರೀ ಮಾತ್ರೆಯಲ್ಲಿ ಹೋಗೋದು ಕಷ್ಟ, ಎಷ್ಟೋ ಸಲ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ.

ಅದಕ್ಕೇ ಹೇಳ್ತಿದ್ದೀನಿ. ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಹೊಲಿಗೆ ಬಿಟ್ಟುಕೊಂಡರೆ, ಜ್ವರ 100.4 ದಾಟಿದರೆ, ಒಂದೇ ಕಡೆ ದಿಢೀರನೆ ಊದಿಕೊಂಡು ನೋವು ಜಾಸ್ತಿಯಾದರೆ ವಾಟ್ಸಾಪ್ ಉತ್ತರಕ್ಕೆ ಕಾಯಬೇಡಿ. ಅವತ್ತೇ ಹತ್ತಿರದ ಸರ್ಜನ್ ಹತ್ತಿರ ಹೋಗಿ. ಎದೆಯ ವಿಷಯ, ಹೇಗೆ ತೋರಿಸೋದು ಅಂತ ನಾಚಿಕೊಂಡು ಕೂರಬೇಡಿ. ಬಾಯಿಬಿಟ್ಟ ಗಾಯಕ್ಕೆ ಮನೆಯವರು ಪ್ರೀತಿಯಿಂದ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚೋಕೆ ಬಂದರೂ ಬೇಡ ಅನ್ನಿ. ದಾರ ಕಂಡರೆ ನೀವೇ ಎಳೆಯಬೇಡಿ.

ಬಳ್ಳಾರಿಯ ಡಾಕ್ಟರ್ ಮೊದಲು ಕೇಳಿದ್ದು ಇಂಪ್ಲಾಂಟ್ ಕಾರ್ಡ್. ಕಂಪನಿ, ಸೈಜ್, ಸೀರಿಯಲ್ ನಂಬರ್ ಎಲ್ಲ ಅದರಲ್ಲಿರುತ್ತದೆ. ಕ್ಲಿನಿಕ್‌ನವರು ನನಗೆ ಬಿಲ್ ಕೊಟ್ಟಿದ್ದರು, ಕಾರ್ಡ್ ಕೊಟ್ಟಿರಲಿಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ. ಮುಂದೆ ಯಾವತ್ತಾದರೂ ಬದಲಿಸುವಾಗ, ತೆಗೆಯುವಾಗ ಆ ನಂಬರ್ ಬೇಕೇ ಬೇಕು. ಕಾರ್ಡ್ ಮತ್ತು ಡಿಸ್ಚಾರ್ಜ್ ಸಮ್ಮರಿ ಎರಡೂ ಕೈಗೆ ಬರುವ ತನಕ ಅಲ್ಲಿಂದ ಹೊರಡಬೇಡಿ.