ಘಾಟಿ ಹತ್ತುವ ಡೀಸೆಲ್ ಕಾರಿಗೆ ಟ್ಯೂನಿಂಗ್ ಬಾಕ್ಸ್: ಹಾಕಿಸುವ ಮುಂಚೆ ಓದಿ

ಮಳೆಗಾಲ. ಸೋಮೇಶ್ವರದಿಂದ ಆಗುಂಬೆ ಹತ್ತುತ್ತಿದ್ದ 1.3 ಲೀಟರಿನ ಡೀಸೆಲ್ ಕಾರೊಂದು ಹೇರ್‌ಪಿನ್ ತಿರುವಿನಲ್ಲೇ ಬಂದ್ ಬಿತ್ತು. ಒಳಗೆ ಐದು ಜನ, ಹಿಂದೆ ಗಾಡಿಗಳ ಸಾಲು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ಎತ್ತಿ ನೋಡಿದರೆ, ಪಿಕಪ್ ಹೆಚ್ಚಲಿ ಎಂದು ಹಾಕಿಸಿದ್ದ ಟ್ಯೂನಿಂಗ್ ಬಾಕ್ಸ್. ಅದರ ಪ್ಲಗ್‌ಗೆ ರಬ್ಬರ್ ಸೀಲೇ ಇರಲಿಲ್ಲ. ಮೂರು ಪಿನ್ನುಗಳಲ್ಲಿ ಒಂದಕ್ಕೆ ಹಸಿರು ಕಿಲುಬು ಹಿಡಿದಿತ್ತು. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಗೆ ರೈಲ್ ಎನ್ನುತ್ತಾರೆ. ಅದರ ಸೆನ್ಸರ್‌ನಿಂದ ಪ್ರೆಶರ್ ಸಿಗ್ನಲ್ ಸಿಗದೆ ಈಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಡೀಸೆಲ್ ನಿಲ್ಲಿಸಿತ್ತು. ಬಾಕ್ಸ್ ಕಿತ್ತು ಕಂಪನಿ ಪ್ಲಗ್ಗನ್ನು ಸೆನ್ಸರ್‌ಗೆ ನೇರವಾಗಿ ಕೊಟ್ಟ ಮೇಲೆ ಗಾಡಿ ಹೊರಟಿತು.

ಕಿಲುಬು ಕಣ್ಣಿಗೆ ಕಂಡ ದೋಷ. ಕಾಣದ್ದು ಬೇರೆಯೇ ಇದೆ.

ಅಗ್ಗದ ಬಾಕ್ಸ್ ಮಾಡುವುದು ಒಂದೇ ಕೆಲಸ: ಸೆನ್ಸರ್ ಹೇಳಿದ್ದನ್ನು ಕಡಿಮೆ ಮಾಡಿ ಈಸಿಯುಗೆ ಹೇಳುವುದು. ಪ್ರೆಶರ್ ಸಾಲದು ಎಂದುಕೊಂಡು ಈಸಿಯು ಅದನ್ನು ಏರಿಸುತ್ತದೆ, ಎಂಜಿನ್ನಿಗೆ ಡೀಸೆಲ್ ಹೆಚ್ಚು ಹೋಗುತ್ತದೆ. 0.5 ವೋಲ್ಟ್ ಎಂದರೆ ಸೊನ್ನೆ, 4.5 ವೋಲ್ಟ್ ಎಂದರೆ 1800 ಬಾರ್ (ಬಾರ್ ಎಂದರೆ ಪ್ರೆಶರ್ ಅಳತೆ) ಎನ್ನುವ ಸೆನ್ಸರ್ ಇದೆ ಎಂದುಕೊಳ್ಳಿ. ಬಾಕ್ಸ್ 0.3 ವೋಲ್ಟ್ ಕದ್ದರೆ 135 ಬಾರ್ ಮುಚ್ಚಿಹೋಯಿತು. ಈಸಿಯು 1600 ಇದೆ ಎಂದು ನಂಬಿರುತ್ತದೆ, ರೈಲಿನಲ್ಲಿ 1735 ಇರುತ್ತದೆ. ಸ್ಕ್ಯಾನರ್ ಹಾಕಿದರೂ ಅದೇ ಸುಳ್ಳು ಲೆಕ್ಕ, ಏಕೆಂದರೆ ಸ್ಕ್ಯಾನರ್ ಓದುವುದು ಈಸಿಯು ನಂಬಿದ್ದನ್ನೇ. ಪ್ರೆಶರ್ ಮಿತಿ ಮೀರಿದರೆ ಕಾಯಬೇಕಾದವನ ಕಣ್ಣಿಗೇ ಪಟ್ಟಿ ಕಟ್ಟಿದ ಹಾಗೆ.

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಇದು ಅಷ್ಟು ಗೊತ್ತಾಗದು. ಅಲ್ಲಿ ಆಕ್ಸಿಲರೇಟರ್ ತುಳಿಯುವುದು ಓವರ್‌ಟೇಕಿಗೆ ಮಾತ್ರ, ಐದಾರು ಸೆಕೆಂಡು. ಆಗುಂಬೆಯ 14 ತಿರುವಿನಲ್ಲಿ, ಹುಲಿಕಲ್ ಘಾಟಿಯಲ್ಲಿ ಎರಡನೇ-ಮೂರನೇ ಗೇರಿನಲ್ಲಿ ಒಂದೇ ಸಮ ತುಳಿಯುತ್ತಿರಬೇಕು. ಗಾಡಿ ನಿಧಾನ, ರೇಡಿಯೇಟರ್‌ಗೂ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೂ ಗಾಳಿ ಕಡಿಮೆ. ಅಳತೆ ಮೀರಿದ ಡೀಸೆಲ್‌ಗೆ ಬೇಕಾದ ಗಾಳಿ ಇರುವುದಿಲ್ಲ. ಕಪ್ಪು ಹೊಗೆ ಬರುತ್ತದೆ, ಎಕ್ಸಾಸ್ಟ್ ಕಾದು ಪಿಸ್ಟನ್, ಟರ್ಬೊ ಎರಡಕ್ಕೂ ಪೆಟ್ಟು. ಬಿಎಸ್6 ಗಾಡಿಯಾದರೆ ಆ ಮಸಿ ಹೊರಗೂ ಬಾರದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲೇ ಕೂರುತ್ತದೆ.

ಕ್ಲಚ್ ಸಾಮಾನ್ಯವಾಗಿ ಮೊದಲು ದೂರು ಹೇಳುತ್ತದೆ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂ ಹತ್ತಿರ ಪೂರ್ತಿ ತುಳಿದಾಗ ಆರ್‌ಪಿಎಂ ಮುಳ್ಳು ಏರಿ ಗಾಡಿಯ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆ ಬರುವವರೆಗೆ ಕಾಯಬೇಡಿ.

ಅಸಲಿಗೆ ಬಾಕ್ಸ್ ಕೇಳಿಕೊಂಡು ಬರುವ ಬಹಳಷ್ಟು ಗಾಡಿಗಳಿಗೆ ಬೇಕಾದದ್ದು ಬಾಕ್ಸ್ ಅಲ್ಲ. ಡೀಸೆಲ್ ಫಿಲ್ಟರ್ ಬದಲಿಸಿ, ನೀರು ಕೂತಿದ್ದರೆ ತೆಗೆಸಿ. ಏರ್ ಫಿಲ್ಟರ್ ನೋಡಿ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಕೆಳಭಾಗ ಕೈಯಾಡಿಸಿ ನೋಡಿ. ಎಣ್ಣೆ ಜಿಡ್ಡಿನ ಜೊತೆ ಸೀಳು ಸಿಕ್ಕಿದರೆ ಕಳೆದುಹೋದ ಪಿಕಪ್ ಅಲ್ಲೇ ಇದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿದ್ದರೂ ಎಳೆತ ಬೀಳುತ್ತದೆ.

ಈಗಾಗಲೇ ಹಾಕಿಸಿದ್ದರೆ ತೆಗೆಯುವುದು ಸುಲಭ. ಇಗ್ನಿಷನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಪ್ಲಗ್ ಮಾತ್ರ ಬಿಚ್ಚಿ. ರೈಲಿನ ಸ್ಟೀಲ್ ಪೈಪಿನ ನಟ್‌ಗೆ ಸ್ಪ್ಯಾನರ್ ತಾಗಿಸಲೇಬೇಡಿ. ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಕಂಪನಿ ಪ್ಲಗ್ಗನ್ನು ಕ್ಲಿಕ್ ಎನ್ನುವವರೆಗೆ ಒತ್ತಿ. ಆಮೇಲೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿಸಿ: ಪ್ರತಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ಒಂದೊಂದು ಬಾಟಲಿಗೆ ಹಿಡಿಯುತ್ತಾರೆ. ನಾಲ್ಕು ಬಾಟಲಿಗಳಲ್ಲಿ ಒಂದು ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ.

ವಿಮಾ ಕಂಪನಿಗೆ ತಿಳಿಸದೆ ಬಾಕ್ಸ್ ಹಾಕಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು. ವಾರಂಟಿಯದ್ದೂ ಅದೇ ಕಥೆ.