ವುಯಿ ಬೆಟ್ಟದ ನಾಲ್ಕು ಟೀ: ದಾ ಹಾಂಗ್ ಪಾವ್ ಹೆಸರಿಗೆ ದುಡ್ಡು ಸುರಿಯೋ ಮುಂಚೆ ಇದನ್ನ ಓದಿ

ಹೋದ ವರ್ಷ ಕೆಲಸದ ಮೇಲೆ ಚೀನಾದ ಶಿಯಾಮೆನ್‌ಗೆ ಹೋಗಿದ್ದಾಗ ಎರಡು ದಿನ ರಜ ಸಿಕ್ತು, ಟ್ರೈನ್ ಹತ್ತಿ ಸೀದಾ ವುಯಿಶಾನ್‌ಗೆ ಹೋಗ್ಬಿಟ್ಟೆ. ಫುಜಿಯಾನ್ ಪ್ರಾಂತ್ಯದ ಉತ್ತರಕ್ಕಿರೋ ಬೆಟ್ಟಸಾಲು. ಟೀ ತೋಟ ಅಂದ್ರೆ ನಮ್ಮ ಕಣ್ಣಿಗೆ ಬರೋದು ಊಟಿ ಥರ ಕತ್ತರಿಸಿಟ್ಟ ಹಸಿರು ಗುಡ್ಡ ಅಲ್ವಾ, ಇಲ್ಲಿ ಹಂಗಿಲ್ಲ, ಕೆಂಪು ಬಂಡೆಗಳ ಸಂದಿಲಿ ಕಲ್ಲು ಕಟ್ಟಿ ಮಣ್ಣು ನಿಲ್ಲಿಸಿ ನಾಲ್ಕು ಸಾಲು ಗಿಡ ಇದ್ರೆ ಅದೇ ತೋಟ. ಅದಕ್ಕೇ ಇಲ್ಲಿನ ಊಲಾಂಗ್‌ಗೆ (ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ನಡುವಿನ ಟೀ) ಯಾನ್‌ಚಾ, ಅಂದ್ರೆ ಬಂಡೆ ಟೀ ಅಂತ ಹೆಸರು.

ತಂದಿದ್ದು ನಾಲ್ಕು. ದಾ ಹಾಂಗ್ ಪಾವ್, ರೋ ಗುಯ್, ಶುಯ್ ಶಿಯೆನ್, ಆಮೇಲೆ ಲಾಪ್‌ಸಾಂಗ್ ಸೂಚಾಂಗ್. ಮೊದಲ ಮೂರು ಬಂಡೆ ಟೀಗಳು, ಇದ್ದಿಲ ಕಾವಲ್ಲಿ ಗಂಟೆಗಟ್ಟಲೆ ಹುರಿದಿರ್ತಾರೆ. ನಾಲ್ಕನೇದು ಬ್ಲ್ಯಾಕ್ ಟೀ. ಮೂರು ತಿಂಗಳು ಕುಡಿದು ನೋಡಿದೀನಿ. 110 ಮಿಲಿ ಹಿಡಿಯೋ ಮುಚ್ಚಳದ ಬಟ್ಟಲು, ಒಂದು ಪೊಟ್ಟಣ ಅಂದ್ರೆ 8 ಗ್ರಾಂ ಎಲೆ, ಕುದಿಕುದಿಯೋ ನೀರು, ಹತ್ತು ಸೆಕೆಂಡಿಗೆ ಬಗ್ಗಿಸಿಬಿಡೋದು, ಅದೇ ಎಲೆಗೆ ಮತ್ತೆ ಮತ್ತೆ ನೀರು. ಹಾಲು ಸಕ್ಕರೆ ಸುದ್ದಿ ಎತ್ತಬೇಡಿ.

ಎಲ್ರೂ ಕೇಳೋದು ದಾ ಹಾಂಗ್ ಪಾವ್. ದೊಡ್ಡ ಕೆಂಪು ನಿಲುವಂಗಿ ಅಂತ ಅರ್ಥ. ಇದರ ತಾಯಿಗಿಡಗಳು ಅಂತ ಜಿಯುಲಾಂಗ್‌ಕೆ ಅನ್ನೋ ಕಡೆ ಬಂಡೆ ಗೋಡೆ ಮೇಲೆ ಆರು ಗಿಡ ಇವೆ, ಕೆಳಗೆ ನಿಂತು ಕತ್ತೆತ್ತಿ ಫೋಟೋ ತಗೋಬಹುದು ಅಷ್ಟೇ, 2006ರಿಂದ ಅದರ ಎಲೆ ಕೀಳೋದೇ ನಿಲ್ಲಿಸಿದಾರೆ. ಹಂಗಾದ್ರೆ ಅಂಗಡಿಲಿ ರಾಶಿ ಹಾಕಿರೋದು ಏನು? ಕೆಲವು ಆ ಗಿಡದ ಕಡ್ಡಿಯಿಂದ ಬೆಳೆಸಿದ್ದು, ಆದರೆ ಬಹುಪಾಲು ಬ್ಲೆಂಡು, ರೋ ಗುಯ್ ಮತ್ತೆ ಶುಯ್ ಶಿಯೆನ್ ಸೇರಿಸಿದ್ದು. ನನಗೆ ಟೀ ಕೊಟ್ಟ ಅಂಗಡಿ ಆಂಟಿ ಇದನ್ನೇನೂ ಮುಚ್ಚಿಡ್ಲಿಲ್ಲ, ನಗ್ತಾ ನಗ್ತಾನೇ ಹೇಳಿದ್ರು. ಊರಿಗೆ ಬಂದ ದಿನವೇ ಆಸೆ ತಡೀದೆ ಪೊಟ್ಟಣ ಒಡೆದೆ, ಬರೀ ಇದ್ದಿಲ ವಾಸನೆ, ಸೀದ ಪಾತ್ರೆ ತೊಳೆದ ನೀರು ಕುಡಿದಂಗೆ. ಹೊಸದಾಗಿ ಹುರಿದ ಟೀ ಬೆಂಕಿ ಇಳಿಯೋವರೆಗೂ ಇಡಬೇಕಂತೆ, ನನಗೆ ಗೊತ್ತಿರ್ಲಿಲ್ಲ. ಎರಡು ತಿಂಗಳು ಬಿಟ್ಟು ಮಾಡಿದ್ರೆ ಅದೇ ಟೀ ಹುರಿಗಡಲೆ, ಬೆಲ್ಲ, ಹದವಾದ ಒಗರು. ಚೆನ್ನಾಗಿದೆ. ಮದುವೆಮನೆ ಸಾರಿನ ಥರ ಯಾರಿಗೂ ಬೇಜಾರು ಮಾಡಲ್ಲ, ಯಾರೂ ನೆನಪಿಟ್ಕೊಳ್ಳೋದೂ ಇಲ್ಲ.

ರೋ ಗುಯ್ ಹಂಗಲ್ಲ, ಮೊದಲ ಗುಟುಕಿಗೇ ಎಬ್ಬಿಸಿ ಕೂರಿಸುತ್ತೆ. ಹೆಸರಿನ ಅರ್ಥವೇ ಚಕ್ಕೆ, ಪಲಾವಿಗೆ ಹಾಕ್ತೀವಲ್ಲ ಅದೇ. ಚಕ್ಕೆ ಏನೂ ಬೆರೆಸಿರಲ್ಲ, ಗಿಡದ ಗುಣವೇ ಅದು. ನ್ಯೂಲಾನ್‌ಕೆಂಗ್ ಅನ್ನೋ ಕಣಿವೆಲಿ ಬೆಳೆದ ರೋ ಗುಯ್‌ಗೆ ಎರಡೂ ಹೆಸರಿನ ಮೊದಲಕ್ಷರ ಸೇರಿಸಿ ನ್ಯೂ ರೋ ಅಂತಾರೆ, ಚೈನೀಸಲ್ಲಿ ಅದಕ್ಕೆ ದನದ ಮಾಂಸ ಅಂತ ಅರ್ಥ, ಮಾತೌ ಬಂಡೆ ಕಡೇದು ಮಾ ರೋ, ಅಂದ್ರೆ ಕುದುರೆ ಮಾಂಸ! ಟೀ ಅಂಗಡಿಲಿ ಮಾಂಸದ ರೇಟು ಕೇಳೋರನ್ನ ನೋಡಿ ಗಾಬರಿ ಆಗ್ಬೇಡಿ. ಆ ಕಣಿವೆ ಟೀ ನನ್ನ ಜೇಬಿಗೆ ಆಗೋದಲ್ಲ, ನಾನು ತಂದಿದ್ದು ಮಾಮೂಲಿದು, ಮೂರು ನೀರಿಗೆ ಘಮ ಘಮ, ಐದನೇದಕ್ಕೆ ಸುಸ್ತು. ಖಾಲಿ ಹೊಟ್ಟೇಲಿ ಕುಡಿದ್ರೆ ಹೊಟ್ಟೆ ಉರೀತು, ನನ್ನ ಹೊಟ್ಟೆ ಕಥೆ ಅದು, ನಿಮ್ಮದು ಬೇರೆ ಇರಬಹುದು.

ಘಮಕ್ಕೆ ರೋ ಗುಯ್ ಮೀರಿದ್ದಿಲ್ಲ, ಹದಕ್ಕೆ ಶುಯ್ ಶಿಯೆನ್ ಮೀರಿದ್ದಿಲ್ಲ ಅಂತ ಅಲ್ಲಿಯವರ ಮಾತು, ನನಗೆ ಎರಡನೇ ಅರ್ಧ ಸಿಕ್ಕಾಪಟ್ಟೆ ನಿಜ ಅನ್ಸಿದ್ದು. ನಾನು ತಂದಿದ್ದು ಲಾವ್ ತ್ಸಾಂಗ್, ಅಂದ್ರೆ ವಯಸ್ಸಾದ ಗಿಡದ್ದು. ಮೊದಲೆರಡು ನೀರಲ್ಲಿ ಏನೂ ಇಲ್ಲ ಅನ್ಸುತ್ತೆ, ದುಡ್ಡು ಹೋಯ್ತು ಅಂದ್ಕೊಂಡೆ. ಮೂರನೇದರಿಂದ ಶುರು, ಮಳೆಗಾಲದಲ್ಲಿ ಹಳೇ ತೊಟ್ಟಿಮನೆಯ ಕಂಬಕ್ಕೆ ಮೂಗು ಹಚ್ಚಿದಂಗೆ, ಪಾಚಿ, ಒದ್ದೆ ಮರ, ಹಿಂದಿಂದ ಮೆಲ್ಲಗೆ ಸಿಹಿ. ಒಂಬತ್ತನೇ ನೀರಿಗೂ ರುಚಿ ಬಿಡ್ಲಿಲ್ಲ. ರೇಟು ರೋ ಗುಯ್‌ದರ ಅರ್ಧ.

ಲಾಪ್‌ಸಾಂಗ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಮೂಲ ಊರು ಟಾಂಗ್‌ಮು, ರಕ್ಷಿತ ಕಾಡೊಳಗಿದೆ, ಫಾರಿನರ್ಸ್‌ನ ಒಳಗೆ ಬಿಡಲ್ಲ. ಪೈನ್ ಸೌದೆ ಹೊಗೇಲಿ ಒಣಗಿಸ್ತಾರೆ. ಅಮ್ಮ ಒಂದು ಗುಟುಕು ಕುಡಿದು "ಬಚ್ಚಲೊಲೆ ಮುಂದೆ ಕೂತಂಗಿದೆ ಕಣೋ" ಅಂದ್ಲು, ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ವುಯಿ ಅನ್ನೋದೇ ಇಂಗ್ಲಿಷರ ಬಾಯಲ್ಲಿ ಬೊಹೀ ಆಗಿದ್ದು, 1773ರಲ್ಲಿ ಬ್ರಿಟಿಷರ ಟೀ ತೆರಿಗೆ ವಿರೋಧಿಸಿ ಅಮೆರಿಕದ ಬೋಸ್ಟನ್ ಬಂದರಲ್ಲಿ ನೀರಿಗೆಸೆದ ಟೀ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬೊಹೀನೇ. ನಾವನ್ನೋ ಟೀ ಅನ್ನೋ ಪದ ಕೂಡ ಇದೇ ಫುಜಿಯಾನ್ ಕರಾವಳಿಯೋರ ಟೆ, ಡಚ್ಚರ ಹಡಗು ಹತ್ತಿ ಯುರೋಪು ಸುತ್ಕೊಂಡು ಬಂದಿದ್ದು. ಚಹಾ ಮಾತ್ರ ಬೇರೆ ದಾರಿ ಹಿಡಿದು ಬಂತು.

ಮುಂದಿನ ಸಲ ಹೋದ್ರೆ ಶುಯ್ ಶಿಯೆನ್ ಕಾಲು ಕೇಜಿ, ನೆಂಟ್ರು ಬಂದಾಗ ತೋರಿಸೋಕೆ ರೋ ಗುಯ್ ನಾಲ್ಕು ಪೊಟ್ಟಣ, ಅಷ್ಟೇ. ದಾ ಹಾಂಗ್ ಪಾವ್ ಡಬ್ಬ ಮಾತ್ರ ಭಾರಿ ಚೆನ್ನಾಗಿದೆ, ಕೆಂಪು ಬಣ್ಣ, ಗಟ್ಟಿ ಮುಚ್ಚಳ. ಅಮ್ಮ ಈಗ ಅದರಲ್ಲಿ ಲವಂಗ ಹಾಕಿಟ್ಟಿದಾಳೆ.