ಸಾಲ್ಟ್‌ವಾಟರ್ ಟ್ಯಾಂಕಿಗಿ ಪಾಚಿ ಔಷಧ ಹಾಕೋ ಮೊದ್ಲ ಇದನ್ನ ಓದ್ರಿ

ಕಲಬುರಗಿ ಕಡಿ ಮನ್ಯಾಗ ರೀಫ್ ಟ್ಯಾಂಕ್ (ಉಪ್ಪುನೀರಿನಾಗ ಹವಳ ಸಾಕೋ ಟ್ಯಾಂಕ್) ಇಟ್ಟೋರು, ಇಡಬೇಕಂತ ಮಾಡೋರು ಒಮ್ಮಿ ಪೂರಾ ಓದ್ರಿ. ನಂದು 3 ಫೂಟಿನ ಟ್ಯಾಂಕ್, ಸುಮಾರು 180 ಲೀಟರ್. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆದಾಗ ಬರ್ತಾವ, ಅದಕ್ಕ ಕೈ ಹಚ್ಚಿಲ್ಲ, ಬರೇ ಸಾಫ್ಟ್ ಕೋರಲ್, ಅಂದ್ರ ಮೆತ್ತನ್ನ ಹವಳ. ಎರಡು ವರ್ಷ ಬೆಳೆಸಿದ್ದ ಜೊವಾಂಥಿಡ್ (ಸಣ್ಣ ಹೂವಿನಂಗ ಅರಳೋ ಕೋರಲ್, ಜೊವಾ ಅಂತಾರ), ಎರಡು ಕ್ಲೀನರ್ ಸೀಗಡಿ, ಹನ್ನೊಂದು ಬಸವನಹುಳ ಎಲ್ಲಾ ಒಂದ ವಾರದಾಗ ಹೋದ್ವು, ಪಾಚಿ ಸಾಯ್ಲಿ ಅಂತ ನಾನ ಕೈಯಾರೆ ಹಾಕಿದ್ದ ಔಷಧದಿಂದ.

ಏಪ್ರಿಲ್‌ದಾಗ ನಮ್ಮ ಕಡಿ ಬಿಸಿಲು ಹೆಂಗಿರ್ತದ ಗೊತ್ತದಲ್ರಿ, ನೀರು ತಣ್ಣಗಿರ್ಲಿ ಅಂತ ಟ್ಯಾಂಕಿನ ಮ್ಯಾಲ ಎರಡು ಸಣ್ಣ ಫ್ಯಾನ್ ಹಚ್ಚಿದ್ದೆ, ಅದರಿಂದ ದಿನಕ್ಕ 3 ಲೀಟರ್ ಆವಿ ಆಗಿ ಹೋಗ್ತಿತ್ತು, ಅಷ್ಟು ನೀರು ಓಣಿಯೊಳಗಿನ ಪ್ಲಾಂಟಿನ 20 ಲೀಟರ್ ಕ್ಯಾನಿಂದ ತುಂಬಿಸ್ತಿದ್ದೆ, ನಾವು ಕುಡಿಯೋ ನೀರ ಅಲ್ಲೇನು ಅಂತ. ಮೇ ನಡುವ ಕಲ್ಲಿನ ಮ್ಯಾಲ ಎರಡಿಂಚು ಉದ್ದದ ಹಸಿರು ಕೂದಲಿನಂಥ ಪಾಚಿ, ಹೇರ್ ಆಲ್ಗೆ ಅಂತಾರಲ್ರಿ ಅದು, ಪಂಪಿನ ನೀರಿಗಿ ತೂಗಾಡ್ಲತ್ತಿತ್ತು. ಜೊವಾ ಮ್ಯಾಲ ಹಬ್ಬಿ ಅವು ಅರಳೋದ ಬಿಟ್ಟುಬಿಟ್ವು.

ಅಕ್ವೇರಿಯಂ ಅಂಗಡಿಗಿ ಹೋಗಿ ಫೋಟೋ ತೋರಿಸ್ದೆ. ಒಂದು ಬಾಟಲಿ ಕೊಟ್ಟ. "ಸಾಲ್ಟ್‌ವಾಟರಿಗಿ ನಡೀತದೇನ್ರಿ?" ಅಂತ ಕೇಳೇನಿ ನಾ, "ಹ್ಞೂ ಅಣ್ಣಾ, ಎಲ್ಲಾಕೂ ನಡೀತದ, ಎರಡು ದಿನದಾಗ ಕ್ಲೀನ್" ಅಂದ. ರೇಟಿನ ಸ್ಟಿಕರ್ ಸರಿಯಾಗಿ ಅದರೊಳಗ ಏನದ ಅಂತ ಬರೆದ ಜಾಗದ ಮ್ಯಾಲ ಅಂಟಿಸಿದ್ರು.

ರಾತ್ರಿ ಹಾಕ್ದೆ. ಮುಂಜಾನಿ ನೋಡಿದ್ರ ಗಾಜಿಗಿ ಅಂಟಿಕೊಂಡಿರೋ ಬಸವನಹುಳ ಎಲ್ಲಾ ಮರಳಿನಾಗ ಅಂಗಾತ ಬಿದ್ದಾವ, ಮೈ ಚಿಪ್ಪಿನಿಂದ ಹೊರಗ ಜೋತು ಬಿದ್ದದ, ಮುಟ್ಟಿದ್ರೂ ಒಳಗ ಎಳ್ಕೊಳ್ಳವಲ್ವು. ಒಂದು ಸೀಗಡಿ ಮಗ್ಗಲಾಗಿ ಬಿದ್ದು ಕಾಲು ಅಷ್ಟ ಆಡಿಸ್ಲತ್ತಿತ್ತು. ನಮ್ಮವ್ವ ದಿನಾ ಸಂಜಿಗಿ ಸೀಗಡಿ ಹೊರಗ ಬಂತೇನು ಅಂತ ಕೇಳಾಕಿ, ಅವತ್ತು ಏನ್ ಹೇಳ್ಬೇಕು ತಿಳೀಲಿಲ್ಲ ನನಗ.

ಬಾಟಲಿ ಬಿಸಿನೀರಾಗ ಇಟ್ಟು ಸ್ಟಿಕರ್ ಕಿತ್ತಿದೆ. ಕಾಪರ್ ಸಲ್ಫೇಟ್, ಅಂದ್ರ ಮೈಲುತುತ್ತ! ಮೀನು ಅದನ್ನ ಒಂದು ಮಟ್ಟಿಗಿ ತಡೀತಾವ, ರೋಗ ಬಂದ ಮೀನಿಗಿ ಬ್ಯಾರೆ ಟ್ಯಾಂಕಿನಾಗ ಅಳತಿ ಮಾಡಿ ಕೊಡೋದೂ ಅದ, ಆದ್ರ ಸೀಗಡಿ, ಬಸವನಹುಳ, ಕೋರಲ್ಲಿಗಿ ತಾಮ್ರ ವಿಷ. ಮ್ಯಾಲಿಂದ ಅಷ್ಟೂ ಪಾಚಿ ಒಮ್ಮಿಗೇ ಸತ್ತು ಕೊಳೀಲತ್ತಿತು, ನೀರಾಗಿನ ಆಕ್ಸಿಜನ್ ತಿಂತು, ಅಮೋನಿಯಾ ಏರಿತು. ಅರ್ಧ ನೀರು ಎರಡು ಸಲ ಬದಲಿ ಮಾಡ್ದೆ, ನೀರಾಗಿನ ಹೊಲಸು ಹೀರೋ ಕಾರ್ಬನ್ (ಇದ್ದಿಲು) ಹಾಕ್ದೆ, ಎರಡು ಕ್ಲೌನ್ ಮೀನು ಅಷ್ಟ ಉಳದ್ವು. ಆ ತಾಮ್ರ ಕಲ್ಲಿನಾಗ, ಮರಳಿನಾಗ ಕುಂತು ಆಮ್ಯಾಗ ಸಾವಕಾಶ ನೀರಿಗಿ ಬಿಡ್ತದ, ಅದಕ್ಕ 14 ಕೆಜಿ ಕಲ್ಲು, ಇದ್ದಷ್ಟು ಮರಳು ಹೊರಗ ಹಾಕ್ಬೇಕಾಯ್ತು.

ಆಮ್ಯಾಗ ನೀರಾಗ ಕರಗಿದ್ದ ಲವಣ ಎಷ್ಟದ ಅಂತ ಅಳಿಯೋ ಟಿಡಿಎಸ್ ಮೀಟರ್ ತರಿಸಿ ಕ್ಯಾನಿನ ನೀರು ನೋಡಿದ್ರ 86. ರೀಫಿಗಿ ತುಂಬಿಸೋ ನೀರಿಂದು ಸೊನ್ನೆ ಇರಬೇಕು. ಪ್ಲಾಂಟಿನೋರಿಗಿ ಕೇಳ್ದೆ, ರುಚಿ ಬರ್ಲಿ ಅಂತ ಸ್ವಲ್ಪ ಬೋರಿನ ನೀರು ಕೂಡಸ್ತೀವಿ ಅಂದ್ರು, ಕುಡಿಯೋರಿಗಿ ಅದು ತಪ್ಪಲ್ಲ. ಆದ್ರ ಆವಿ ಆಗೋದು ಬರೇ ನೀರು, ಅದರಾಗಿನ ನೈಟ್ರೇಟು ಫಾಸ್ಫೇಟು ಟ್ಯಾಂಕಿನಾಗ ಉಳೀತಾವ. ದಿನಕ್ಕ 3 ಲೀಟರ್ ಅಂದ್ರ ಎರಡು ತಿಂಗಳಿಗಿ 180 ಲೀಟರ್, ಟ್ಯಾಂಕ್ ಪೂರಾ ಒಮ್ಮಿ ಅದ ನೀರಿನಿಂದ ತುಂಬಿಸಿದಂಗ ಆಯ್ತಲ್ರಿ. ಪಾಚಿಗಿ ಗೊಬ್ಬರ ಹಾಕಿ ಸಾಕಿದೋನು ನಾನ. ಲೈಟೂ 12 ತಾಸು ಇಡ್ತಿದ್ದೆ.

ಈಗ ಆರ್‌ಓ ಫಿಲ್ಟರ್ ಆದ ಮ್ಯಾಲ ಉಳಿದ ಲವಣ ಹಿಡಿಯೋ ಡಿಐ ರೆಸಿನ್ ಕೂಡಿಸಿ ಮನ್ಯಾಗ ಸೊನ್ನೆ ಟಿಡಿಎಸ್ ನೀರು ಮಾಡ್ಕೋತೀನಿ, ಲೈಟ್ 8 ತಾಸು. ಪಾಚಿ ಕಂಡ್ರ ಕಲ್ಲು ಹೊರಗ ತಗದು ಉಪ್ಪುನೀರಿನ ಬಕೆಟ್‌ದಾಗ ಟೂತ್‌ಬ್ರಷ್‌ಲೆ ತಿಕ್ತೀನಿ, ಕಿತ್ತಿದ್ದು ವಾಪಸ್ ಟ್ಯಾಂಕಿಗಿ ಬಿಡಂಗಿಲ್ಲ. ತಿಂಗಳುಗಟ್ಲೆ ಹಿಡಿತದ, ಹಿಡೀಲಿ. ನೈಟ್ರೇಟ್ ಒಮ್ಮೆಲೆ ಸೊನ್ನೆಗಿ ಇಳಿಸಾಕೂ ಹೋಗ್ಬ್ಯಾಡ್ರಿ, ಡೈನೋ ಅಂಬೋ ಕಂದು ಲೋಳಿ ಬರೋದು ಬಹಳ ಸಲ ಹಂಗ ಮಾಡ್ದಾಗ. ಮತ್ತ ಯಾವ ಬಾಟಲಿ ಆದ್ರೂ ಅದರೊಳಗ ಏನದ ಓದೋತನ ರೊಕ್ಕ ಕೊಡಬ್ಯಾಡ್ರಿ.

ಹೊಸ ಕಲ್ಲು ಹಾಕಿ ಐದು ತಿಂಗಳಾಯ್ತು, ವಾರಕ್ಕೊಮ್ಮಿ ಕಾಪರ್ ಟೆಸ್ಟ್ ಮಾಡ್ಲತ್ತೀನಿ, ಮೂರು ವಾರದಿಂದ ಏನೂ ತೋರ್ಸಿಲ್ಲ. ಈ ಐತವಾರ ಒಂದ ಒಂದು ಬಸವನಹುಳ ಬಿಟ್ಟು ನೋಡ್ತೀನಿ.